15 ಡಿಗ್ರಿ ಅಕ್ಷಾಂಶದಲ್ಲಿ ಟೆಲಿಸ್ಕೋಪ್ ಟ್ರ್ಯಾಕಿಂಗ್: ಟ್ರೈಪಾಡ್ ಊರುವುದರಿಂದ ಗೈಡಿಂಗ್ ಗ್ರಾಫ್ ಓದುವವರೆಗೆ

ಹುಬ್ಬಳ್ಳಿಯಿಂದ ನೋಡಿದರೆ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲಿರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ, ಅಷ್ಟೇ. ಭೂಮಿ ತಿರುಗುವುದಕ್ಕೆ ಸರಿಯಾಗಿ ಟೆಲಿಸ್ಕೋಪನ್ನು ತಿರುಗಿಸುವ ಈಕ್ವಟೋರಿಯಲ್ ಮೌಂಟ್‌ಗಳ ಬಗ್ಗೆ ಸಿಗುವ ಹೆಚ್ಚಿನ ಕೈಪಿಡಿ, ವಿಡಿಯೊಗಳು 40–50 ಡಿಗ್ರಿ ಅಕ್ಷಾಂಶದಲ್ಲಿ ಇರುವವರು ಮಾಡಿದವು. ಅವುಗಳನ್ನು ನೋಡಿ ಇಲ್ಲಿ ಹಾಗೇ ಜೋಡಿಸಿದರೆ ಕೌಂಟರ್‌ವೇಟ್ (ಟೆಲಿಸ್ಕೋಪಿಗೆ ಎದುರಾಗಿ ಹಾಕುವ ಸಮತೋಲನದ ಭಾರ) ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ, ಧ್ರುವ ನೋಡಲು ಮೌಂಟಿನಲ್ಲಿರುವ ಪೋಲಾರ್ ಸ್ಕೋಪಿಗೆ ಕಣ್ಣು ಹಚ್ಚಲು ನೆಲಕ್ಕೆ ಮಲಗಬೇಕಾಗುತ್ತದೆ, ಧ್ರುವ ನಕ್ಷತ್ರವೇ ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ ಅಡಗಿರುತ್ತದೆ. ಆಮೇಲೆ ತಪ್ಪನ್ನು ಸಾಫ್ಟ್‌ವೇರ್‌ನಲ್ಲಿ ಹುಡುಕುವುದು ಶುರುವಾಗುತ್ತದೆ.

ಟ್ರ್ಯಾಕಿಂಗ್ ಕೆಡಲು ಹತ್ತರಲ್ಲಿ ಎಂಟು ಸಲ ಕಾರಣ ನೆಲ, ತೂಕ, ಕೇಬಲ್ ಇಲ್ಲವೇ ಬ್ಯಾಟರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಾಫ್ಟ್‌ವೇರಿನ ಸರದಿ ಬರುವುದು ಇವೆಲ್ಲ ಸರಿಯಾದ ಮೇಲೆ. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿದೆ. ಉದಾಹರಣೆಗೆ ಇಟ್ಟುಕೊಂಡ ಸಲಕರಣೆ ಇದು: ಸ್ಕೈವಾಚರ್ ಹೆಚ್‌ಇಕ್ಯೂ5 ಅಥವಾ ಇಕ್ಯೂ6-ಆರ್ ಮೌಂಟ್, 400 ಮಿ.ಮೀ. ಫೋಕಲ್ ಲೆಂತ್‌ನ ಟೆಲಿಸ್ಕೋಪ್, 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ, 120 ಮಿ.ಮೀ.ನ ಪುಟ್ಟ ಗೈಡ್ ಸ್ಕೋಪ್, 3.75 ಮೈಕ್ರಾನ್‌ನ ಗೈಡ್ ಕ್ಯಾಮೆರಾ, ವಿಂಡೋಸ್ ಲ್ಯಾಪ್‌ಟಾಪ್. ಗೈಡಿಂಗ್ ಎಂದರೆ ಈ ಪುಟ್ಟ ಗೈಡ್ ಸ್ಕೋಪಿನಲ್ಲಿ ನಕ್ಷತ್ರವನ್ನು ನೋಡುತ್ತ ಮೌಂಟಿನ ನಡಿಗೆಯನ್ನು ಆಗಾಗ ತಿದ್ದುವುದು. ನಿಮ್ಮದು ಬೇರೆಯಿದ್ದರೆ ಅಂಕಿ ಬದಲಾಗುತ್ತವೆ, ಲೆಕ್ಕದ ದಾರಿ ಒಂದೇ.

ಎಷ್ಟು ನಿಖರತೆ ಬೇಕು: ಮೊದಲು ಲೆಕ್ಕ

ನಕ್ಷತ್ರಗಳು ಸೆಕೆಂಡಿಗೆ ಸುಮಾರು 15.04 ಆರ್ಕ್‌ಸೆಕೆಂಡ್ ಸರಿಯುತ್ತವೆ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್‌ಗೆ ಆಕಾಶದ ಎಷ್ಟು ಭಾಗ ಬರುತ್ತದೆ ಎಂಬುದಕ್ಕೆ ಸೂತ್ರ ಸರಳ: ಪಿಕ್ಸೆಲ್ ಗಾತ್ರವನ್ನು 206.265ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿ. 3.76 × 206.265 ÷ 400 = 1.94 ಆರ್ಕ್‌ಸೆಕೆಂಡ್. ಎಕ್ಸ್‌ಪೋಷರ್ ನಡೆಯುವಾಗ ಮೌಂಟ್ ಇದಕ್ಕಿಂತ ಹೆಚ್ಚು ಅತ್ತಿತ್ತ ಆದರೆ ನಕ್ಷತ್ರ ಉದ್ದಕ್ಕೆ ಎಳೆದಂತೆ ಕಾಣುತ್ತದೆ.

ಮೌಂಟಿನೊಳಗಿನ ವರ್ಮ್ ಗೇರ್ ಪೂರ್ತಿ ದುಂಡಗಿರುವುದಿಲ್ಲ. ಅದು ಒಂದು ಸುತ್ತು ಹಾಕುವಷ್ಟರಲ್ಲಿ ಟ್ರ್ಯಾಕಿಂಗ್ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಗುತ್ತದೆ. ಪೀರಿಯಾಡಿಕ್ ಎರರ್ ಎನ್ನುವುದು ಇದನ್ನೇ. ಹೆಚ್‌ಇಕ್ಯೂ5ರಲ್ಲಿ 135 ಹಲ್ಲಿನ ಚಕ್ರವಿದೆ, ಹೀಗಾಗಿ ವರ್ಮ್‌ನ ಒಂದು ಸುತ್ತಿಗೆ 638 ಸೆಕೆಂಡ್. ಇಕ್ಯೂ6-ಆರ್‌ನಲ್ಲಿ 180 ಹಲ್ಲು, 479 ಸೆಕೆಂಡ್. ಇಕ್ಯೂ5ರಲ್ಲಿ 144 ಹಲ್ಲು, 598 ಸೆಕೆಂಡ್. ನಿಮ್ಮ ಮೌಂಟಿನ ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಗ್ರಾಫ್ ಓದುವಾಗ ಬೇಕಾಗುತ್ತದೆ.

ಹೆಚ್‌ಇಕ್ಯೂ5ರ ಒಟ್ಟು ಏರಿಳಿತ 30 ಆರ್ಕ್‌ಸೆಕೆಂಡ್ ಎಂದು ಹಿಡಿಯೋಣ. ಅತಿ ಕೆಟ್ಟ ಗಳಿಗೆಯಲ್ಲಿ ಅದು ಸೆಕೆಂಡಿಗೆ 0.15 ಆರ್ಕ್‌ಸೆಕೆಂಡ್‌ನಂತೆ ಜಾರುತ್ತದೆ. 60 ಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ 9 ಆರ್ಕ್‌ಸೆಕೆಂಡ್, ಅಂದರೆ ನಾಲ್ಕೂವರೆ ಪಿಕ್ಸೆಲ್. ಗೈಡಿಂಗ್ ಇಲ್ಲದೆ 400 ಮಿ.ಮೀ.ನಲ್ಲಿ ಒಂದು ನಿಮಿಷದ ಫ್ರೇಮುಗಳಲ್ಲಿ ಕೆಲವು ಚೆನ್ನಾಗಿ ಬಂದು, ಕೆಲವು ಹಾಳಾಗುವುದು ಈ ಕಾರಣಕ್ಕೇ. ಅದೇ ಮೌಂಟಿನ ಮೇಲೆ 135 ಮಿ.ಮೀ. ಲೆನ್ಸ್ ಹಾಕಿದರೆ ಪಿಕ್ಸೆಲ್‌ಗೆ 5.75 ಆರ್ಕ್‌ಸೆಕೆಂಡ್ ಆಗುತ್ತದೆ, ಅದೇ ದೋಷ ಒಂದೂವರೆ ಪಿಕ್ಸೆಲ್‌ಗೆ ಇಳಿಯುತ್ತದೆ. ಹೊಸಬರು ಮೊದಲ ಚಳಿಗಾಲವನ್ನು ಚಿಕ್ಕ ಲೆನ್ಸ್‌ನಲ್ಲೇ ಕಳೆಯುವುದು ಒಳ್ಳೆಯದು.

ಟ್ರೈಪಾಡ್ ಎಲ್ಲಿ, ಹೇಗೆ ಊರಬೇಕು

ಗದಗ, ಅಣ್ಣಿಗೇರಿ, ನವಲಗುಂದದ ಕಡೆ ಎರೆ ಹೊಲದಲ್ಲಿ ಟ್ರೈಪಾಡ್ ನಿಲ್ಲಿಸುವವರು ಒಂದು ವಿಷಯ ನೆನಪಿಡಬೇಕು. ಎರೆಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ಹಸಿ ಇದ್ದಾಗ ಮೆತ್ತಗಾಗುತ್ತದೆ. ಎರಡರಲ್ಲೂ 20 ಕಿಲೊ ಭಾರ ಹೊತ್ತ ಕಾಲು ನಿಧಾನಕ್ಕೆ ಇಳಿಯುತ್ತದೆ. ಕಾಲು ಒಂದು ಮಿಲಿಮೀಟರ್ ಇಳಿದರೂ, ಕಾಲುಗಳ ನಡುವೆ ಒಂದು ಮೀಟರ್ ಅಂತರವಿದ್ದರೆ, ಪೋಲಾರ್ ಅಲೈನ್‌ಮೆಂಟ್, ಅಂದರೆ ಮೌಂಟಿನ ಅಕ್ಷ ಧ್ರುವಕ್ಕೆ ಗುರಿಯಾಗಿರುವುದು, ಮೂರು ಆರ್ಕ್‌ಮಿನಿಟ್‌ನಷ್ಟು (ಒಂದು ಆರ್ಕ್‌ಮಿನಿಟ್ ಎಂದರೆ 60 ಆರ್ಕ್‌ಸೆಕೆಂಡ್) ಕೆಡುತ್ತದೆ. ಪ್ರತಿ ಕಾಲಿನ ಕೆಳಗೂ ಒಂದೊಂದು ಅಡಿ ಚೌಕದ ಶಾಬಾದಿ ಕಲ್ಲಿನ ತುಂಡು ಇಡಿ. ಫರಸಿ ಕೆಲಸ ನಡೆಯುವ ಕಡೆ ಉಳಿದ ತುಂಡುಗಳು ಸಿಗುತ್ತವೆ. ಕಲ್ಲಿನ ಮೇಲೆ ಒಮ್ಮೆ ನಿಂತು ಚೆನ್ನಾಗಿ ಒತ್ತಿ, ಆಮೇಲೆ ಟ್ರೈಪಾಡ್ ಇಡಿ. ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ನೆಲ ಗಟ್ಟಿ, ಅಲ್ಲಿ ಈ ತೊಂದರೆ ಕಡಿಮೆ. ಆದರೆ ಗದಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಅಲ್ಲಿ ಟ್ರೈಪಾಡಿನ ಕಾಲು ಚಾಚದೆ ಕುಳ್ಳಗಿಡಿ, ಗಾಳಿ ಬರುವ ಕಡೆಗೆ ಕಾರು ನಿಲ್ಲಿಸಿ. ಕಪ್ಪತಗುಡ್ಡ ಅಭಯಾರಣ್ಯದೊಳಗೆ ರಾತ್ರಿ ಉಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸುತ್ತಲಿನ ಹೊಲದವರನ್ನು ಕೇಳಿ ಬದುವಿನ ಪಕ್ಕ ಜಾಗ ಮಾಡಿಕೊಳ್ಳುವುದೇ ಸುಲಭದ ದಾರಿ.

ಹುಬ್ಬಳ್ಳಿ-ಧಾರವಾಡದ ಮಾಳಿಗೆಯ ಮೇಲೆ ಮಾಡುವವರಿಗೆ ಬೇರೆ ಎರಡು ತೊಂದರೆ. ಸ್ಲ್ಯಾಬಿನ ನಟ್ಟನಡುವೆ ಟ್ರೈಪಾಡ್ ಇಟ್ಟರೆ ನೀವು ನಡೆದಾಡಿದ್ದೆಲ್ಲ ಗ್ರಾಫ್‌ನಲ್ಲಿ ಕಾಣುತ್ತದೆ. ಕಂಬ ಮತ್ತು ಬೀಮ್ ಕೂಡುವ ಮೂಲೆಯ ಹತ್ತಿರ ಇಡಿ, ಲ್ಯಾಪ್‌ಟಾಪನ್ನು ಮೆಟ್ಟಿಲ ಕಡೆಗೆ ಒಯ್ಯಿರಿ. ಎರಡನೆಯದು ಬಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಸಿಮೆಂಟು ಹಗಲಿನ ಕಾವನ್ನು ರಾತ್ರಿ ಹತ್ತರವರೆಗೂ ಬಿಡುತ್ತಿರುತ್ತದೆ, ನಕ್ಷತ್ರಗಳು ಕುದಿಯುತ್ತವೆ. ಆ ತಿಂಗಳುಗಳಲ್ಲಿ ಹನ್ನೊಂದರ ನಂತರ ಗೈಡಿಂಗ್ ತಾನಾಗಿ ಸುಧಾರಿಸುತ್ತದೆ, ಅದಕ್ಕೂ ಮೊದಲು ಸೆಟ್ಟಿಂಗ್ ತಿರುವಬೇಡಿ.

ದಿಕ್ಕು ಹಿಡಿಯಲು ಮೊಬೈಲ್ ಕಂಪಾಸ್ ಸಾಕು. ನಮ್ಮ ಭಾಗದಲ್ಲಿ ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಒಂದು ಡಿಗ್ರಿ ಆಸುಪಾಸಿನ ವ್ಯತ್ಯಾಸ ಮಾತ್ರ. ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳು, ಟ್ರೈಪಾಡಿನ ಉಕ್ಕು ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತವೆ. ಮೊಬೈಲನ್ನು ಮೌಂಟಿನಿಂದ ಎರಡು ಹೆಜ್ಜೆ ಹಿಂದೆ, ಎದೆಯ ಎತ್ತರಕ್ಕೆ ಹಿಡಿದು ನೋಡಿ.

15 ಡಿಗ್ರಿಗೆ ಮೌಂಟನ್ನು ಇಳಿಸುವುದು

ಆಲ್ಟಿಟ್ಯೂಡ್ (ಅಕ್ಷದ ಎತ್ತರದ ಕೋನ) ಎಷ್ಟಕ್ಕೆ ಇಡಬೇಕು: ಧಾರವಾಡಕ್ಕೆ 15.46, ಗದಗಕ್ಕೆ 15.43, ಹುಬ್ಬಳ್ಳಿಗೆ 15.36, ಹಾವೇರಿಗೆ 14.79. ಕೊಳ್ಳುವ ಮೊದಲೇ ಮೌಂಟಿನ ಕನಿಷ್ಠ ಅಕ್ಷಾಂಶ ನೋಡಿ. ಇಕ್ಯೂ6-ಆರ್ 5 ಡಿಗ್ರಿವರೆಗೆ ಇಳಿಯುತ್ತದೆ. ಕನಿಷ್ಠ 15 ಎಂದಿರುವ ಮೌಂಟ್ ಹುಬ್ಬಳ್ಳಿಯಲ್ಲಿ ಹೇಗೋ ನಡೆದೀತು, ಹಾವೇರಿ, ರಾಣೇಬೆನ್ನೂರಿನಲ್ಲಿ ತುದಿಗೆ ಬಂದು ನಿಂತುಬಿಡುತ್ತದೆ. ಆಗ ಟ್ರೈಪಾಡನ್ನು ಉತ್ತರದ ಕಡೆಗೆ ಒಂದೆರಡು ಡಿಗ್ರಿ ಬಾಗಿಸಿದರೆ ಕೆಲಸವಾಗುತ್ತದೆ. ಟ್ರೈಪಾಡ್ ಮಟ್ಟಸವಾಗಿರಲೇಬೇಕೆಂದೇನಿಲ್ಲ, ಧ್ರುವಕ್ಕೆ ಗುರಿಯಾಗಬೇಕಾದದ್ದು ನಕ್ಷತ್ರಗಳ ಜೊತೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗುವ ಆರ್‌ಎ ಅಕ್ಷ. ಬಾಗಿಸಿದಾಗ ಎಡಬಲದ ತಿರುಪು ತಿರುವಿದರೆ ಎತ್ತರವೂ ಸ್ವಲ್ಪ ಬದಲಾಗುತ್ತದೆ, ಅಷ್ಟೇ ವ್ಯತ್ಯಾಸ.

ಆರ್‌ಎ ಅಕ್ಷ ಇಷ್ಟು ಮಲಗಿದಾಗ ಕೆಲಸ ಶುರು ಮಾಡುವ ಹೋಮ್ ಸ್ಥಿತಿಯಲ್ಲಿ ಕೌಂಟರ್‌ವೇಟ್ ಸರಳು ಹೆಚ್ಚುಕಡಿಮೆ ನೇರ ಕೆಳಗೆ ಇಳಿದು, ಉತ್ತರದ ಕಡೆಗೆ 15 ಡಿಗ್ರಿ ಚಾಚಿರುತ್ತದೆ. ಉತ್ತರಕ್ಕೆ ಒಂದು ಕಾಲು ಇಡಬೇಕೆಂಬ ಕೈಪಿಡಿಯ ಮಾತು ಇಲ್ಲಿ ತೊಂದರೆ ತರುವುದು ಇದಕ್ಕೇ. ಭಾರ ಆ ಕಾಲಿಗೇ ತಾಗುತ್ತದೆ. ಇದಕ್ಕೆ ಮೂರು ಪರಿಹಾರ ಇವೆ, ಮೂರನ್ನೂ ಒಟ್ಟಿಗೆ ಮಾಡಿದರೆ ಇನ್ನೂ ಚೆನ್ನ. ಟ್ರೈಪಾಡಿನ ಮೇಲಿನ ಅಜಿಮತ್ (ಎಡಬಲ ದಿಕ್ಕಿನ) ಗೂಟವನ್ನು ಬೇರೆ ಜಾಗಕ್ಕೆ ಹಾಕಲು ಬರುವಂತಿದ್ದರೆ ಉತ್ತರಕ್ಕೆ ಎರಡು ಕಾಲು, ದಕ್ಷಿಣಕ್ಕೆ ಒಂದು ಬರುವಂತೆ ತಿರುಗಿಸಿ. ಒಂದು ಭಾರವನ್ನು ಸರಳಿನ ತುದಿಗೆ ಹಾಕುವ ಬದಲು ಎರಡನ್ನು ಮೇಲೆ, ತಲೆಯ ಹತ್ತಿರ ಹಾಕಿ. ಹೀಗೆ ಮಾಡಿದರೆ ಗಾಳಿಗೆ ಅಲುಗಾಟವೂ ಕಡಿಮೆ. ಇನ್ನೂ ತಾಗಿದರೆ ಟ್ರೈಪಾಡಿಗೂ ತಲೆಗೂ ನಡುವೆ 15–20 ಸೆಂ.ಮೀ.ನ ಪಿಯರ್ ಎಕ್ಸ್‌ಟೆನ್ಷನ್ (ಎತ್ತರಿಸುವ ಕಂಬ) ಬೇಕೇ ಬೇಕು.

ಆಲ್ಟಿಟ್ಯೂಡ್ ಬೋಲ್ಟ್‌ಗಳ ವಿಷಯದಲ್ಲಿ ಅವಸರ ಬೇಡ. ಒಂದನ್ನು ಬಿಗಿ ಮಾಡುವ ಮೊದಲು ಎದುರಿನದನ್ನು ಸಡಿಲ ಮಾಡಿ. ಹೆಚ್‌ಇಕ್ಯೂ5ರ ಬೋಲ್ಟ್ ಪೂರ್ತಿ ಭಾರ ಹೊತ್ತಾಗ ತಿರುವಿದರೆ ಬಾಗುತ್ತದೆ. ಒಂದು ಕೈಯಿಂದ ತಲೆಯನ್ನು ಸ್ವಲ್ಪ ಎತ್ತಿ ಹಿಡಿದು ಇನ್ನೊಂದು ಕೈಯಿಂದ ತಿರುವಿ. ಕೊನೆಯ ತಿರುವು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಎತ್ತುವಂತಿರಲಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಅರ್ಧ ತಾಸಿನಲ್ಲಿ ತಾನೇ ಇನ್ನಷ್ಟು ಕೂರುತ್ತದೆ.

ಬ್ಯಾಲೆನ್ಸ್ ಮಾಡುವಾಗ ಕ್ಯಾಮೆರಾ, ಗೈಡ್ ಸ್ಕೋಪ್, ಡ್ಯೂ ಹೀಟರ್ (ಗಾಜಿಗೆ ಇಬ್ಬನಿ ಕೂರದಂತೆ ತಡೆಯುವ ಬಿಸಿ ಪಟ್ಟಿ), ಕೇಬಲ್ ಎಲ್ಲವೂ ಮೇಲಿರಬೇಕು, ಫೋಕಸ್ ಕೂಡ ಹತ್ತಿರಕ್ಕೆ ಬಂದಿರಬೇಕು. ಮೊದಲು ಡೆಕ್ಲಿನೇಷನ್ (ಉತ್ತರ-ದಕ್ಷಿಣಕ್ಕೆ ತಿರುಗುವ ಅಕ್ಷ, ಚಿಕ್ಕದಾಗಿ ಡೆಕ್), ಆಮೇಲೆ ಆರ್‌ಎ. ಆರ್‌ಎಯಲ್ಲಿ ಪೂರ್ವದ ಕಡೆ ಒಂದು ಚೂರು ಭಾರ ಹೆಚ್ಚಿರಲಿ. ಆಗ ಗೇರಿನ ಹಲ್ಲು ಯಾವಾಗಲೂ ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತದೆ.

ವಿದ್ಯುತ್ತು ಮತ್ತು ಕೇಬಲ್

ಮೌಂಟಿಗೆ ಒಂದೂವರೆ ಆಂಪಿಯರ್, ಕೂಲಿಂಗ್ ಇರುವ ಕ್ಯಾಮೆರಾಕ್ಕೆ ಎರಡೂವರೆ, ಮಿನಿ ಪಿಸಿಗೆ ಒಂದೂವರೆ, ಡ್ಯೂ ಹೀಟರ್‌ಗೆ ಒಂದು. ಒಟ್ಟು ಆರೂವರೆ ಆಂಪಿಯರ್ ಎಂದರೆ ಎಂಟು ತಾಸಿಗೆ 52 ಆಂಪಿಯರ್-ಅವರ್. ಯುಪಿಎಸ್‌ನ 7 ಆಂಪಿಯರ್-ಅವರ್ ಸೀಸದ ಬ್ಯಾಟರಿ ಇದಕ್ಕೆ ಯಾವ ಮೂಲೆಗೂ ಸಾಲದು. ಭಾರ ಬಿದ್ದ ಕೂಡಲೇ ಅದರ ವೋಲ್ಟೇಜ್ ಕುಸಿಯುತ್ತದೆ, 11 ವೋಲ್ಟ್‌ನ ಹತ್ತಿರ ಬಂದಾಗ ಮೌಂಟಿನ ಕೆಂಪು ದೀಪ ಮಿನುಗಲು ಶುರುವಾಗುತ್ತದೆ, ಮೋಟರ್ ವೇಗದ ತಿರುಗುವಿಕೆಯಲ್ಲಿ ತೊದಲುತ್ತದೆ. ಮೋಟರ್ ತಪ್ಪಿಸಿದ ಹೆಜ್ಜೆ ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ. ಅದು ತನ್ನ ಲೆಕ್ಕದ ಜಾಗದಲ್ಲೇ ಇದ್ದೇನೆಂದು ತಿಳಿದಿರುತ್ತದೆ. ಹೊಲಕ್ಕೆ ಹೋಗುವವರು 12.8 ವೋಲ್ಟ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತೆಗೆದುಕೊಳ್ಳಿ. ಲ್ಯಾಪ್‌ಟಾಪ್ ತನ್ನದೇ ಬ್ಯಾಟರಿಯಲ್ಲಿ ನಡೆದು, ಕೂಲಿಂಗ್ ಇಲ್ಲದ ಕ್ಯಾಮೆರಾ ಇದ್ದರೆ 30 ಆಂಪಿಯರ್-ಅವರ್ ಒಂದು ರಾತ್ರಿಗೆ ಆಗುತ್ತದೆ. ಕಾರಿನ ಸಿಗರೇಟ್ ಲೈಟರ್ ಪ್ಲಗ್ ಬೇಡ, ಅಲುಗಿದರೆ ಕ್ಷಣಕಾಲ ಕರೆಂಟು ಹೋಗಿ ಮೌಂಟ್ ಇದ್ದ ಸ್ಥಾನವನ್ನೇ ಮರೆಯುತ್ತದೆ. ಹೆಚ್‌ಇಕ್ಯೂ5ರ ದುಂಡು ಪಿನ್ ಸಹ ಸಡಿಲ. ವೈರನ್ನು ಮೌಂಟಿನ ಮೈಗೆ ವೆಲ್ಕ್ರೊ ಪಟ್ಟಿಯಿಂದ ಕಟ್ಟಿ.

ಧಾರವಾಡ, ಕಲಘಟಗಿ, ಅಳ್ನಾವರ ಕಡೆ ನವೆಂಬರ್‌ನಿಂದ ಜನವರಿವರೆಗೆ ನಡುರಾತ್ರಿಯ ನಂತರ ಇಬ್ಬನಿ ಸುರಿಯುತ್ತದೆ. ಗೈಡ್ ಸ್ಕೋಪಿನ ಮುಂದಿನ ಗಾಜಿಗೂ ಹೀಟರ್ ಪಟ್ಟಿ ಹಚ್ಚಿ. ಮುಖ್ಯ ಟೆಲಿಸ್ಕೋಪಿಗೆ ಮಾತ್ರ ಹಚ್ಚಿ ಇದನ್ನು ಮರೆತರೆ ಎರಡು ಗಂಟೆಯ ಹೊತ್ತಿಗೆ ಗೈಡ್ ನಕ್ಷತ್ರ ಮಂಕಾಗುತ್ತ ಬಂದು ಕಳೆದೇಹೋಗುತ್ತದೆ.

ಲ್ಯಾಪ್‌ಟಾಪಿನಿಂದ ಮೌಂಟಿಗೆ: ಇಕ್ಯೂ6-ಆರ್‌ಗೆ ನೇರ ಯುಎಸ್‌ಬಿ ಕಿಂಡಿಯಿದೆ. ಹೆಚ್‌ಇಕ್ಯೂ5ಕ್ಕೆ ಇಕ್ಯೂಡಿರ್ ಕೇಬಲ್ ಬೇಕು, ಎಫ್‌ಟಿಡಿಐ ಚಿಪ್ ಇರುವುದನ್ನೇ ಕೊಳ್ಳಿ. ಹ್ಯಾಂಡ್ ಕಂಟ್ರೋಲರ್‌ನ ಸೀರಿಯಲ್ ಕೇಬಲನ್ನು ಮೌಂಟಿನ ಕಿಂಡಿಗೆ ಚುಚ್ಚಬೇಡಿ. ಎರಡರ ವೋಲ್ಟೇಜ್ ಬೇರೆ, ಬೋರ್ಡ್ ಸುಡುತ್ತದೆ. ಕೇಬಲನ್ನು ಪ್ರತಿ ಸಲವೂ ಲ್ಯಾಪ್‌ಟಾಪಿನ ಅದೇ ಯುಎಸ್‌ಬಿ ಕಿಂಡಿಗೆ ಹಾಕಿ, ಇಲ್ಲವಾದರೆ ಕಾಮ್ ಪೋರ್ಟ್ ಸಂಖ್ಯೆ ಬದಲಾಗಿ ಮೌಂಟ್ ಸಿಗುತ್ತಿಲ್ಲ ಎಂದು ಬರುತ್ತದೆ. ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ.

ಸಾಫ್ಟ್‌ವೇರ್ ಹಾಕುವ ಕ್ರಮ

ಆರು ಸಾಫ್ಟ್‌ವೇರ್, ಎಲ್ಲವೂ ಉಚಿತ. ಇದೇ ಕ್ರಮದಲ್ಲಿ ಹಾಕಿ.

1. ಆಸ್ಕಾಮ್ ಪ್ಲಾಟ್‌ಫಾರ್ಮ್. ಸಾಫ್ಟ್‌ವೇರಿಗೂ ಸಲಕರಣೆಗೂ ನಡುವಿನ ಕೊಂಡಿ.
2. ಇಕ್ಯೂಮೋಡ್ ಅಥವಾ ಗ್ರೀನ್ ಸ್ವಾಂಪ್ ಸರ್ವರ್. ಸ್ಕೈವಾಚರ್ ಮೌಂಟಿನ ಡ್ರೈವರ್. ಎರಡರಲ್ಲಿ ಒಂದು ಸಾಕು.
3. ಕ್ಯಾಮೆರಾಗಳ ಡ್ರೈವರ್.
4. ಪಿಎಚ್‌ಡಿ2. ಗೈಡಿಂಗ್‌ಗೆ.
5. ಆಸ್ಟಾಪ್, ಜೊತೆಗೆ ಡಿ50 ನಕ್ಷತ್ರ ಸೂಚಿ. ಪ್ಲೇಟ್ ಸಾಲ್ವಿಂಗ್‌ಗೆ, ಅಂದರೆ ಚಿತ್ರದಲ್ಲಿನ ನಕ್ಷತ್ರ ನೋಡಿ ಟೆಲಿಸ್ಕೋಪ್ ಎತ್ತ ಮುಖ ಮಾಡಿದೆ ಎಂದು ಕಂಡುಹಿಡಿಯಲು. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ.
6. ನೀನಾ. ಇಡೀ ರಾತ್ರಿಯ ಕೆಲಸ ನಡೆಸುವ ಸಾಫ್ಟ್‌ವೇರ್.

ಮನೆಯಲ್ಲೇ, ಹಗಲಲ್ಲೇ, ಎಲ್ಲವನ್ನೂ ಜೋಡಿಸಿ ಕನೆಕ್ಟ್ ಮಾಡಿ ನೋಡಿ. ಹೊಲದ ಕತ್ತಲಲ್ಲಿ ಡ್ರೈವರ್ ಹುಡುಕುವ ಪರಿಸ್ಥಿತಿ ಬರಬಾರದು.

ಸ್ಥಳ ಮತ್ತು ಸಮಯ ತುಂಬುವಾಗ ಹೆಚ್ಚು ತಪ್ಪಾಗುತ್ತದೆ. ಹುಬ್ಬಳ್ಳಿಗೆ 15°22' ಉತ್ತರ, 75°07' ಪೂರ್ವ. ಗದಗಕ್ಕೆ 15°26', 75°38'. ಹಾವೇರಿಗೆ 14°47', 75°24'. ದಶಮಾಂಶದ 15.36 ಅನ್ನು 15 ಡಿಗ್ರಿ 36 ಮಿನಿಟ್ ಎಂದು ಬರೆಯಬೇಡಿ. ರೇಖಾಂಶದ ಮುಂದೆ ಪೂರ್ವ ಎಂದಿರಲಿ. ಪಶ್ಚಿಮ ಎಂದಾದರೆ ಟೆಲಿಸ್ಕೋಪ್ ನೆಲಕ್ಕೆ ಮುಖ ಮಾಡುತ್ತದೆ. ಟೈಮ್ ಝೋನ್ +5:30. ಹ್ಯಾಂಡ್ ಕಂಟ್ರೋಲರ್‌ನಲ್ಲಿ ಅದನ್ನು +5:00 ಎಂದು ಬಿಟ್ಟರೆ ಗುರಿ ಏಳೂವರೆ ಡಿಗ್ರಿ ತಪ್ಪುತ್ತದೆ. ಸೊನ್ನೆ ಬಿಟ್ಟರೆ 82.5 ಡಿಗ್ರಿ. ಅದರಲ್ಲಿ ದಿನಾಂಕ ತಿಂಗಳಿನಿಂದ ಶುರುವಾಗುತ್ತದೆ ಎಂಬುದನ್ನೂ, ಡೇಲೈಟ್ ಸೇವಿಂಗ್‌ಗೆ ಇಲ್ಲ ಎನ್ನಬೇಕೆಂಬುದನ್ನೂ ನೆನಪಿಡಿ. ಎಷ್ಟು ತಪ್ಪಿದೆ ಎಂಬ ಅಂಕಿಯೇ ಯಾವ ಕಾಲಂ ತಪ್ಪಿದೆ ಎಂದು ಹೇಳುತ್ತದೆ.

ಇಕ್ಯೂಮೋಡ್‌ನಲ್ಲಿ ಮೂರು ಸೆಟ್ಟಿಂಗ್ ತಪ್ಪದೆ ನೋಡಿ. ಅಲೈನ್‌ಮೆಂಟ್ ವಿಧಾನ ಡೈಲಾಗ್ ಬೇಸ್ಡ್ ಎಂದಿರಲಿ, ಹಳೆಯ ಅಲೈನ್‌ಮೆಂಟ್ ಬಿಂದುಗಳನ್ನೆಲ್ಲ ಅಳಿಸಿ. ಅಪೆಂಡ್ ಎಂದಿದ್ದರೆ ಪ್ರತಿ ಪ್ಲೇಟ್ ಸಾಲ್ವ್‌ಗೂ ಒಂದು ಬಿಂದು ಸೇರುತ್ತ, ಕೊನೆಗೆ ಗುರಿ ಎಲ್ಲೆಲ್ಲೋ ಹೋಗುತ್ತದೆ. ಪಲ್ಸ್ ಗೈಡ್ ದರ (ಗೈಡಿಂಗ್ ತಿದ್ದುಪಡಿಯ ವೇಗ) ಎರಡೂ ಅಕ್ಷಕ್ಕೆ 0.5 ಇರಲಿ. ಬಾಡ್ ರೇಟ್ ಇಕ್ಯೂಡಿರ್ ಕೇಬಲ್‌ಗೆ 9600, ಇಕ್ಯೂ6-ಆರ್‌ನ ನೇರ ಯುಎಸ್‌ಬಿಗೆ 115200.

ಪೋಲಾರ್ ಅಲೈನ್‌ಮೆಂಟ್, ಧ್ರುವ ಕಂಡರೂ ಕಾಣದಿದ್ದರೂ

ಪೋಲಾರ್ ಅಲೈನ್‌ಮೆಂಟ್ ಒಂದು ಆರ್ಕ್‌ಮಿನಿಟ್ ತಪ್ಪಿದರೆ ನಕ್ಷತ್ರ ಡೆಕ್ಲಿನೇಷನ್‌ನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 0.26 ಆರ್ಕ್‌ಸೆಕೆಂಡ್ ಜಾರುತ್ತದೆ. ಹತ್ತು ಆರ್ಕ್‌ಮಿನಿಟ್ ತಪ್ಪಿದರೆ 2.6. ಗೈಡಿಂಗ್ ಈ ಜಾರುವಿಕೆಯನ್ನು ಸರಿಪಡಿಸುತ್ತದೆ, ಆದರೆ ಫ್ರೇಮ್ ಗೈಡ್ ನಕ್ಷತ್ರದ ಸುತ್ತ ನಿಧಾನಕ್ಕೆ ತಿರುಗುವುದನ್ನು ತಡೆಯಲಾರದು. ಎರಡು ಆರ್ಕ್‌ಮಿನಿಟ್‌ಗಿಂತ ಕಡಿಮೆ ಬಂದರೆ ಮುಂದೆ ಹೋಗಿ. ಅದನ್ನು ಹತ್ತು ಆರ್ಕ್‌ಸೆಕೆಂಡ್‌ಗೆ ತರಲು ಮುಕ್ಕಾಲು ತಾಸು ಕಳೆಯುವುದು ವ್ಯರ್ಥ.

ಉತ್ತರ ದಿಗಂತದ ಧೂಳು, ಊರಿನ ದೀಪದ ಮಬ್ಬು, ಮರ, ಟ್ಯಾಂಕು ಇವೆಲ್ಲದರ ನಡುವೆ 15 ಡಿಗ್ರಿ ಎತ್ತರದಲ್ಲಿ ಧ್ರುವ ಹುಡುಕುವ ಬದಲು ನೀನಾದ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್ ಬಳಸಿ ಎಂಬುದೇ ನಮ್ಮ ಸಲಹೆ. ಇದಕ್ಕೆ ಧ್ರುವ ನಕ್ಷತ್ರ ಕಾಣಲೇಬೇಕಿಲ್ಲ. ಆಕಾಶದ ಯಾವುದೇ ತೆರೆದ ಭಾಗ ಸಾಕು.

ಟೆಲಿಸ್ಕೋಪನ್ನು 40–60 ಡಿಗ್ರಿ ಎತ್ತರದ, ಮೋಡವಿಲ್ಲದ ಕಡೆಗೆ ತಿರುಗಿಸಿ. ಫೋಕಸ್ ಸರಿಯಿರಲಿ, ನಕ್ಷತ್ರ ಉಬ್ಬಿದ್ದರೆ ಪ್ಲೇಟ್ ಸಾಲ್ವ್ ಆಗುವುದಿಲ್ಲ. ನೀನಾದಲ್ಲಿ ಫೋಕಲ್ ಲೆಂತ್, ಪಿಕ್ಸೆಲ್ ಗಾತ್ರ ಸರಿಯಾಗಿ ತುಂಬಿ. ಆರ್‌ಎಯಲ್ಲಿ 10 ಡಿಗ್ರಿ ಅಂತರದಂತೆ ಮೂರು ಚಿತ್ರ ತೆಗೆಯಲು ಹೇಳಿ, ಎರಡರಿಂದ ಐದು ಸೆಕೆಂಡ್ ಎಕ್ಸ್‌ಪೋಷರ್ ಕೊಡಿ. ಮೂರನೆಯದು ಮುಗಿದ ಕೂಡಲೇ ಎತ್ತರದಲ್ಲಿ ಎಷ್ಟು, ಎಡಬಲಕ್ಕೆ ಎಷ್ಟು ತಪ್ಪಿದೆ ಎಂದು ತೋರಿಸುತ್ತದೆ. ಇನ್ನು ಮೌಂಟನ್ನು ಕೀಬೋರ್ಡಿನಿಂದ ತಿರುಗಿಸಬೇಡಿ, ಬೋಲ್ಟ್‌ಗಳನ್ನು ಮಾತ್ರ ತಿರುವಿ. ಮೊದಲು ಎತ್ತರ, ಆಮೇಲೆ ಎಡಬಲ. ಒಂದು ಸಲ ತಿರುವಿ ಕೈ ಬಿಟ್ಟು, ಹೊಸ ಅಂಕಿ ಬರುವವರೆಗೆ ಕಾಯಿರಿ. ಬೋಲ್ಟ್ ಬಿಗಿ ಮಾಡಿದ ಮೇಲೆ ಮೂರು ಚಿತ್ರಗಳನ್ನು ಮೊದಲಿಂದ ಇನ್ನೊಮ್ಮೆ ಓಡಿಸಿ, ಬಿಗಿ ಮಾಡುವಾಗಲೇ ಸ್ವಲ್ಪ ಸರಿದಿರುತ್ತದೆ.

ಶಾರ್ಪ್‌ಕ್ಯಾಪ್‌ನ ಪೋಲಾರ್ ಅಲೈನ್ ಕೂಡ ಚೆನ್ನಾಗಿದೆ, ಆದರೆ ಅದಕ್ಕೆ ಧ್ರುವದ ಸುತ್ತಲಿನ ಆಕಾಶ ಕಾಣಬೇಕು, ಪ್ರೊ ಪರವಾನಗಿಯೂ ಬೇಕು. ಯಾವುದನ್ನು ಬಳಸಿದರೂ ರಿಫ್ರಾಕ್ಷನ್ ತಿದ್ದುಪಡಿಯ ಆಯ್ಕೆ ಹಾಕಿಕೊಳ್ಳಿ. ಇಷ್ಟು ಕೆಳಗಿರುವ ಧ್ರುವವನ್ನು ವಾತಾವರಣ ಮೂರು ಆರ್ಕ್‌ಮಿನಿಟ್‌ಗಿಂತ ಹೆಚ್ಚೇ ಮೇಲೆತ್ತಿ ತೋರಿಸುತ್ತದೆ. 50 ಡಿಗ್ರಿ ಅಕ್ಷಾಂಶದವರಿಗೆ ಇದು ಒಂದು ಆರ್ಕ್‌ಮಿನಿಟ್‌ಗೂ ಕಡಿಮೆ, ಹಾಗಾಗಿ ಅವರ ಪಾಠಗಳಲ್ಲಿ ಈ ಮಾತು ಬರುವುದೇ ಅಪರೂಪ.

ಎರಡು-ಮೂರು ನಕ್ಷತ್ರಗಳ ಅಲೈನ್‌ಮೆಂಟ್ ಈಗ ಬೇಕಿಲ್ಲ. ಗುರಿ ಆಯ್ಕೆ ಮಾಡಿ ನೀನಾದಲ್ಲಿ ಸ್ಲ್ಯೂ ಅಂಡ್ ಸೆಂಟರ್ ಒತ್ತಿದರೆ ಅದು ಚಿತ್ರ ತೆಗೆದು, ಸಾಲ್ವ್ ಮಾಡಿ, ನಡುವಿಗೆ ತಂದು ನಿಲ್ಲಿಸುತ್ತದೆ.

ಪಿಎಚ್‌ಡಿ2: ಕ್ಯಾಲಿಬ್ರೇಷನ್

ಹೊಸ ಪ್ರೊಫೈಲ್ ವಿಝಾರ್ಡ್‌ನಲ್ಲಿ ಗೈಡ್ ಸ್ಕೋಪಿನ ಫೋಕಲ್ ಲೆಂತ್ 120 ಎಂದು ತುಂಬಿ, ಮುಖ್ಯ ಟೆಲಿಸ್ಕೋಪಿನದ್ದಲ್ಲ. ಗೈಡ್ ಕ್ಯಾಮೆರಾಕ್ಕೆ ಪಿಕ್ಸೆಲ್‌ಗೆ 6.45 ಆರ್ಕ್‌ಸೆಕೆಂಡ್ ಬರುತ್ತದೆ. ನಕ್ಷತ್ರದ ನಡುಬಿಂದುವನ್ನು ಪಿಎಚ್‌ಡಿ2 ಪಿಕ್ಸೆಲ್‌ನ ಸಣ್ಣ ಭಾಗದವರೆಗೆ ಲೆಕ್ಕ ಹಾಕುವುದರಿಂದ 400 ಮಿ.ಮೀ.ಗೆ ಇದು ಸಾಕು. ಫೋಕಲ್ ಲೆಂತ್ 800 ದಾಟಿದರೆ ಮುಖ್ಯ ಟೆಲಿಸ್ಕೋಪಿನ ಬೆಳಕಿನಲ್ಲೇ ಗೈಡ್ ಮಾಡುವ ಆಫ್-ಆಕ್ಸಿಸ್ ಗೈಡರ್ ಕಡೆಗೆ ಯೋಚಿಸಿ. ಮೌಂಟನ್ನು ಆಸ್ಕಾಮ್ ಮೂಲಕವೇ ಜೋಡಿಸಿ, ಎಸ್‌ಟಿ4 ಕೇಬಲ್ ಬೇಡ. ಆಸ್ಕಾಮ್ ಮೂಲಕವಾದರೆ ಟೆಲಿಸ್ಕೋಪ್ ಎಲ್ಲಿಗೆ ಮುಖ ಮಾಡಿದೆ, ಮೌಂಟಿನ ಯಾವ ಮಗ್ಗುಲಿಗಿದೆ ಎಂಬುದು ಪಿಎಚ್‌ಡಿ2ಗೆ ಗೊತ್ತಾಗುತ್ತದೆ, ಪ್ರತಿ ಗುರಿಗೂ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕಿಲ್ಲ. ಗೈಡ್ ಸ್ಕೋಪಿನ ಮುಚ್ಚಳ ಹಾಕಿ ಡಾರ್ಕ್ ಲೈಬ್ರರಿ ತೆಗೆದಿಡಿ. ತೆಗೆಯದಿದ್ದರೆ ಹಾಟ್ ಪಿಕ್ಸೆಲ್ (ಸದಾ ಹೊಳೆಯುವ ದೋಷದ ಪಿಕ್ಸೆಲ್) ಒಂದನ್ನೇ ನಕ್ಷತ್ರವೆಂದು ಹಿಡಿದುಕೊಂಡು ಗ್ರಾಫ್ ಗೆರೆ ಎಳೆದಷ್ಟು ನೇರ ಬರುತ್ತದೆ, ಚಿತ್ರದಲ್ಲಿ ಮಾತ್ರ ನಕ್ಷತ್ರಗಳು ಉದ್ದವಾಗಿರುತ್ತವೆ.

ಕ್ಯಾಲಿಬ್ರೇಷನ್ (ಪಲ್ಸ್ ಕೊಟ್ಟರೆ ನಕ್ಷತ್ರ ಎತ್ತ, ಎಷ್ಟು ಸರಿಯುತ್ತದೆ ಎಂದು ಅಳೆಯುವುದು) ಎಲ್ಲಿ ಮಾಡಬೇಕು: ಡೆಕ್ಲಿನೇಷನ್ ಸೊನ್ನೆಯ (ಆಕಾಶದ ವಿಷುವದ್ವೃತ್ತದ) ಹತ್ತಿರ, ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹೋಗುವ ಗೆರೆಯಾದ ಮೆರಿಡಿಯನ್‌ನ ಪಕ್ಕ. ನಮ್ಮಲ್ಲಿ ಆ ಜಾಗ ದಕ್ಷಿಣಕ್ಕೆ 75 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ. ಇದು ನಮಗೆ ಸಿಕ್ಕ ಅನುಕೂಲ, ಅಲ್ಲಿ ಗಾಳಿಯ ಪದರ ತೆಳು, ನಕ್ಷತ್ರ ಸ್ಥಿರ. ಕ್ಯಾಲಿಬ್ರೇಷನ್ ಅಸಿಸ್ಟೆಂಟ್ ತೆರೆದರೆ ಅದೇ ಜಾಗಕ್ಕೆ ತಿರುಗಿಸುತ್ತದೆ. ಪಶ್ಚಿಮಕ್ಕೆ ಸುಮಾರು 12 ಹೆಜ್ಜೆ ಹೋಗಿ, ಹಿಂದೆ ಬಂದು, ಬ್ಯಾಕ್‌ಲ್ಯಾಶ್ (ಗೇರಿನ ಹಲ್ಲುಗಳ ನಡುವಿನ ಸಡಿಲ) ಕಳೆದು, ಉತ್ತರಕ್ಕೆ ಅಷ್ಟೇ ಹೆಜ್ಜೆ ಇಡಬೇಕು. ನಕ್ಷತ್ರ ಸಾಕಷ್ಟು ಚಲಿಸಲಿಲ್ಲ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇಕ್ಯೂಮೋಡ್‌ನ ಪಲ್ಸ್ ಗೈಡ್ ದರ. ಅದು 0.1ರಲ್ಲೇ ಉಳಿದಿದ್ದರೆ ಪ್ರತಿ ಹೆಜ್ಜೆಯೂ ಐದರಲ್ಲೊಂದು ಪಾಲಾಗಿರುತ್ತದೆ.

ಆಮೇಲೆ ಗೈಡಿಂಗ್ ಅಸಿಸ್ಟೆಂಟನ್ನು ಹತ್ತು ನಿಮಿಷ ಓಡಿಸಿ. ಅದು ಗೈಡಿಂಗ್ ನಿಲ್ಲಿಸಿ ಮೌಂಟ್ ತಾನಾಗಿ ಹೇಗೆ ನಡೆಯುತ್ತದೆ ಎಂದು ಅಳೆದು, ಪೋಲಾರ್ ದೋಷ, ಬ್ಯಾಕ್‌ಲ್ಯಾಶ್, ಕನಿಷ್ಠ ಚಲನೆಯ ಅಂಕಿ ಕೊಡುತ್ತದೆ. ಆ ಶಿಫಾರಸು ಒಪ್ಪಿಕೊಳ್ಳಿ. ಗೈಡ್ ಎಕ್ಸ್‌ಪೋಷರ್ ಎರಡು ಸೆಕೆಂಡ್, ಆರ್‌ಎಗೆ ಹಿಸ್ಟರಿಸಿಸ್ ಅಥವಾ ಪ್ರಿಡಿಕ್ಟಿವ್ ಪಿಇಸಿ, ಡೆಕ್‌ಗೆ ರೆಸಿಸ್ಟ್ ಸ್ವಿಚ್, ಅಗ್ರೆಸಿವ್‌ನೆಸ್ 70ರ ಆಸುಪಾಸು, ಮಲ್ಟಿ-ಸ್ಟಾರ್ ಆನ್. ಸ್ಟ್ರೇನ್ ವೇವ್ ಗೇರಿನ ಹೊಸ ಮೌಂಟ್‌ಗಳಿಗೆ ಮಾತ್ರ ಅರ್ಧದಿಂದ ಒಂದು ಸೆಕೆಂಡ್ ಎಕ್ಸ್‌ಪೋಷರ್ ಬೇಕು, ಅವುಗಳ ದೋಷ ವೇಗವಾಗಿ ಏರಿಳಿಯುತ್ತದೆ.

ಗ್ರಾಫ್ ಏನು ಹೇಳುತ್ತಿದೆ

ನಮ್ಮ ಉದಾಹರಣೆಯ ಸಲಕರಣೆಗೆ ಒಟ್ಟು ಆರ್‌ಎಂಎಸ್ (ಒಂದು ಬಗೆಯ ಸರಾಸರಿ ದೋಷ) ಒಂದು ಆರ್ಕ್‌ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಸಮಾಧಾನದಿಂದ ಚಿತ್ರ ತೆಗೆಯಿರಿ. ಹೆಚ್ಚಿದ್ದರೆ ಸಂಖ್ಯೆ ನೋಡುವ ಬದಲು ಗೆರೆಯ ಆಕಾರ ನೋಡಿ.

ಆರ್‌ಎ ಗೆರೆ ಮಾತ್ರ ನಿಧಾನಕ್ಕೆ ಏರಿ ಇಳಿಯುತ್ತಿದ್ದು, ಆ ಅಲೆಯ ಉದ್ದ 638 ಅಥವಾ 479 ಸೆಕೆಂಡ್ ಆಗಿದ್ದರೆ ಅದು ವರ್ಮ್‌ನದು. ಪ್ರಿಡಿಕ್ಟಿವ್ ಪಿಇಸಿ ಎರಡು ಸುತ್ತು ಕಲಿತ ಮೇಲೆ ತಗ್ಗಿಸುತ್ತದೆ. ಅಲೆಯ ಉದ್ದ ಹತ್ತಾರು ಸೆಕೆಂಡ್ ಮಾತ್ರ ಇದ್ದರೆ ವರ್ಮ್‌ಗೂ ಮೊದಲಿನ ಸಣ್ಣ ಗೇರುಗಳದ್ದು. ಹೆಚ್‌ಇಕ್ಯೂ5ಕ್ಕೆ ಬೆಲ್ಟ್ ಹಾಕಿಸುವುದು ಇದಕ್ಕೆ ಮದ್ದು. ಪಿಎಚ್‌ಡಿ ಲಾಗ್ ವ್ಯೂವರ್‌ನಲ್ಲಿ ಲಾಗ್ ತೆರೆದು ಫ್ರೀಕ್ವೆನ್ಸಿ ವಿಶ್ಲೇಷಣೆ ಮಾಡಿದರೆ ಎಷ್ಟು ಸೆಕೆಂಡ್‌ನದು ಎಂದು ನೇರವಾಗಿ ಸಿಗುತ್ತದೆ.

ಡೆಕ್ ಗೆರೆ ಒಂದೇ ಕಡೆಗೆ ಸರಿಯುತ್ತ, ತಿದ್ದುಪಡಿಗಳೆಲ್ಲ ಒಂದೇ ದಿಕ್ಕಿನಲ್ಲಿದ್ದರೆ ಪೋಲಾರ್ ಅಲೈನ್‌ಮೆಂಟ್ ಕೆಟ್ಟಿದೆ. ಎರೆ ಹೊಲದಲ್ಲಿ ಕಾಲು ಇಳಿದಿದೆಯೇ ನೋಡಿ. ಡೆಕ್ ಗೆರೆ ಒಂದು ಕಡೆ ಹೋಗಿ, ಹತ್ತಾರು ಪಲ್ಸ್ ಕೊಟ್ಟರೂ ಅಲ್ಲೇ ನಿಂತು, ಆಮೇಲೆ ದಡಕ್ಕನೆ ಆಚೆ ಬದಿಗೆ ಹಾರಿದರೆ ಬ್ಯಾಕ್‌ಲ್ಯಾಶ್. ಡೆಕ್ ಗೈಡಿಂಗನ್ನು ಒಂದೇ ದಿಕ್ಕಿಗೆ ಸೀಮಿತಗೊಳಿಸಿ. ಯಾವ ದಿಕ್ಕು ಎಂದು ತಿಳಿಯಲು ಡೆಕ್ ಗೈಡಿಂಗ್ ಆಫ್ ಮಾಡಿ, ನಕ್ಷತ್ರ ಎತ್ತ ಜಾರುತ್ತದೆ ನೋಡಿ, ಅದಕ್ಕೆ ಎದುರು ದಿಕ್ಕು ಇಡಿ. ಪೋಲಾರ್ ದೋಷ ಎರಡು-ಮೂರು ಆರ್ಕ್‌ಮಿನಿಟ್ ಉಳಿದಿದ್ದರೆ ಈ ವಿಧಾನಕ್ಕೆ ಅದೇ ಅನುಕೂಲ, ಜಾರುವ ದಿಕ್ಕು ಸ್ಥಿರವಾಗಿರುತ್ತದೆ.

ಎರಡೂ ಗೆರೆಗಳು ಗರಗಸದಂತೆ ಪ್ರತಿ ಎಕ್ಸ್‌ಪೋಷರ್‌ಗೂ ಮೇಲೆ ಕೆಳಗೆ ಆಗುತ್ತಿದ್ದರೆ ವಾತಾವರಣದ ಕುದಿತದ ಬೆನ್ನು ಹತ್ತಿದ್ದೀರಿ. ಎಕ್ಸ್‌ಪೋಷರ್ ಮೂರು-ನಾಲ್ಕು ಸೆಕೆಂಡ್‌ಗೆ ಏರಿಸಿ, ಕನಿಷ್ಠ ಚಲನೆ ಹೆಚ್ಚಿಸಿ. ಎರಡೂ ಒಮ್ಮೆಲೇ ಒಂದು ಗಳಿಗೆ ಚಿಮ್ಮಿ ಮತ್ತೆ ಸರಿಯಾದರೆ ಗಾಳಿ, ಹೆಜ್ಜೆ, ಇಲ್ಲವೇ ಎಲ್ಲೋ ಸಿಕ್ಕಿಕೊಂಡು ಬಿಡಿಸಿಕೊಂಡ ಕೇಬಲ್. ಗ್ರಾಫ್ ಚೆನ್ನಾಗಿದ್ದು, ಚಿತ್ರದಲ್ಲಿ ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ಗೈಡ್ ಸ್ಕೋಪ್ ಮುಖ್ಯ ಟೆಲಿಸ್ಕೋಪಿನ ಮೇಲೆ ಸರಿಯಾಗಿ ಕೂತಿಲ್ಲ. ಅದರ ಬುಡದ ಸ್ಕ್ರೂ, ಫೋಕಸರ್ ಲಾಕ್ ಬಿಗಿ ಮಾಡಿ.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಕನಿಷ್ಠ ಒಂದು ವರ್ಮ್ ಸುತ್ತು ಕಾಯಿರಿ. ಎರಡು ನಿಮಿಷಕ್ಕೊಮ್ಮೆ ಬದಲಿಸುತ್ತ ಹೋದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಮೆರಿಡಿಯನ್ ಫ್ಲಿಪ್

ಗುರಿ ಮೆರಿಡಿಯನ್ ದಾಟಿದ ಮೇಲೆ ಟೆಲಿಸ್ಕೋಪ್ ಮಗ್ಗುಲು ಬದಲಿಸಬೇಕು. ನಮ್ಮ ರೇಖಾಂಶ ಭಾರತೀಯ ಕಾಲಮಾನದ 82.5 ಡಿಗ್ರಿಗಿಂತ ಏಳೂಕಾಲು ಡಿಗ್ರಿ ಪಶ್ಚಿಮಕ್ಕಿದೆ, ಹಾಗಾಗಿ ಮೆರಿಡಿಯನ್ ದಾಟುವುದು ಗಡಿಯಾರಕ್ಕಿಂತ ಅರ್ಧ ತಾಸು ತಡ. ಡಿಸೆಂಬರ್ ನಡುವಿನಲ್ಲಿ ಓರಿಯನ್ ನೆಬ್ಯುಲಾ ದಾಟುವುದು ರಾತ್ರಿ ಹನ್ನೆರಡೂವರೆಯ ಸುಮಾರಿಗೆ. ನೀನಾದಲ್ಲಿ ಫ್ಲಿಪ್‌ಗೆ ಮೆರಿಡಿಯನ್ ದಾಟಿದ ಐದು ನಿಮಿಷದ ನಂತರ ಎಂದು ಕೊಡಿ, ಫ್ಲಿಪ್ ನಂತರ ಮರು-ಸೆಂಟರ್ ಆನ್ ಇರಲಿ.

ನೆತ್ತಿಯ ಮೇಲೆ ಹಾಯುವ ಗುರಿಗಳಲ್ಲಿ ಎಚ್ಚರ ಬೇಕು. ಡೆಕ್ಲಿನೇಷನ್ 15ರ ಆಸುಪಾಸಿನವು, ಉದಾಹರಣೆಗೆ ಕನ್ಯಾ ರಾಶಿಯ ಗೆಲಾಕ್ಸಿ ಗುಂಪು, ನೇರ ತಲೆಯ ಮೇಲೆ ಬರುತ್ತವೆ. ಆಗ ಕ್ಯಾಮೆರಾ ತುದಿ ಟ್ರೈಪಾಡ್ ಕಾಲಿನ ಪಕ್ಕಕ್ಕೆ ಇಳಿಯುತ್ತದೆ. ಹಗಲಲ್ಲೇ ಕ್ಲಚ್ ಸಡಿಲಿಸಿ ಟೆಲಿಸ್ಕೋಪನ್ನು ಕೈಯಿಂದ ನೆತ್ತಿಗೆ ತಿರುಗಿಸಿ ಎರಡೂ ಮಗ್ಗುಲಲ್ಲಿ ಎಷ್ಟು ಅಂತರ ಉಳಿಯುತ್ತದೆ ಎಂದು ನೋಡಿ. ನಾಲ್ಕು ಬೆರಳಿಗಿಂತ ಕಡಿಮೆ ಇದ್ದರೆ ಇಕ್ಯೂಮೋಡ್‌ನಲ್ಲಿ ಲಿಮಿಟ್ ಹಾಕಿ. ಮೊದಲ ಫ್ಲಿಪ್ ಆಗುವಾಗ ಮೌಂಟಿನ ಪಕ್ಕದಲ್ಲೇ ನಿಂತು ಕೇಬಲ್ ಎಲ್ಲಿ ಎಳೆಯುತ್ತದೆ ನೋಡಿ. ಫ್ಲಿಪ್ ಆದ ಮೇಲೆ ಡೆಕ್ ಗೆರೆ ಓಡಿಹೋದರೆ ಡೆಕ್ ತಿದ್ದುಪಡಿ ಉಲ್ಟಾ ಆಗುತ್ತಿದೆ. ಪಿಎಚ್‌ಡಿ2ರಲ್ಲೇ ಇರುವ ಮೆರಿಡಿಯನ್ ಫ್ಲಿಪ್ ಪರೀಕ್ಷೆಯ ಟೂಲ್ ಒಮ್ಮೆ ಓಡಿಸಿದರೆ ಸರಿಯಾದ ಆಯ್ಕೆಯನ್ನು ಅದೇ ಹಾಕುತ್ತದೆ.

ದಕ್ಷಿಣದ ಗುರಿಗಳು ಈ ಅಕ್ಷಾಂಶದ ದೊಡ್ಡ ಲಾಭ. ಯುರೋಪಿನ ಬಹುಭಾಗದಿಂದ ಕಾಣದ ಒಮೆಗಾ ಸೆಂಟಾರಿ ಏಪ್ರಿಲ್‌ನಲ್ಲಿ ನಮಗೆ 27 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅಷ್ಟು ಕೆಳಗೆ ಆರ್‌ಎಂಎಸ್ ಏರಿಯೇ ಏರುತ್ತದೆ, ಅದು ಮೌಂಟಿನ ತಪ್ಪಲ್ಲ. ಎಕ್ಸ್‌ಪೋಷರ್ ಚಿಕ್ಕದಿಟ್ಟು, ಮೆರಿಡಿಯನ್‌ನ ಆಚೀಚೆ ಒಂದೊಂದು ತಾಸು ಮಾತ್ರ ತೆಗೆಯಿರಿ.

ಲಿನಕ್ಸ್, ಮತ್ತು ಸ್ವಂತ ಕಂಟ್ರೋಲರ್

ಲ್ಯಾಪ್‌ಟಾಪ್ ಬೇಡವೆನ್ನುವವರಿಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಲಿನಕ್ಸ್ ಸಾಫ್ಟ್‌ವೇರ್‌ಗಳಾದ ಇಂಡಿ, ಕೆಸ್ಟಾರ್ಸ್, ಇಕೋಸ್ ಒಳ್ಳೆಯ ಜೋಡಿ. ಪೈ 4ರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ, ಹೊಲದಲ್ಲಿ ಇಂಟರ್‌ನೆಟ್ ಇಲ್ಲದಿದ್ದರೆ ಹಳೆಯ ಸಮಯವನ್ನೇ ಹಿಡಿದುಕೊಂಡು ಗುರಿ ತಪ್ಪುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಕೊಡಿ ಅಥವಾ ಜಿಪಿಎಸ್ ಡಾಂಗಲ್ ಹಾಕಿ.

ಮೋಟರ್ ಇಲ್ಲದ ಹಳೆಯ ಇಕ್ಯೂ5 ಇದ್ದರೆ ಓಪನ್ ಸೋರ್ಸ್‌ನ ಆನ್‌ಸ್ಟೆಪ್ ಕಂಟ್ರೋಲರ್ ಕಟ್ಟಬಹುದು. ಇಎಸ್‌ಪಿ32 ಬೋರ್ಡ್, ಎರಡು ನೆಮಾ 17 ಸ್ಟೆಪರ್ ಮೋಟರ್, ಟಿಎಂಸಿ ಡ್ರೈವರ್, ಜಿಟಿ2 ಬೆಲ್ಟ್, 16 ಮತ್ತು 48 ಹಲ್ಲಿನ ಪುಲ್ಲಿ ಸಾಕು. ತುಂಬಬೇಕಾದ ಮುಖ್ಯ ಅಂಕಿ ಡಿಗ್ರಿಗೆ ಎಷ್ಟು ಹೆಜ್ಜೆ ಎಂಬುದು: 200 ಹೆಜ್ಜೆ × 32 ಮೈಕ್ರೊಸ್ಟೆಪ್ × 3 × 144 ÷ 360 = 7680. ಅಂದರೆ ಒಂದು ಹೆಜ್ಜೆಗೆ 0.47 ಆರ್ಕ್‌ಸೆಕೆಂಡ್, ಟ್ರ್ಯಾಕಿಂಗ್‌ಗೆ ಸೆಕೆಂಡಿಗೆ 32 ಹೆಜ್ಜೆ. ಟೆಲಿಸ್ಕೋಪ್ ಕೇಳಿದ್ದಕ್ಕಿಂತ ಎರಡು ಪಟ್ಟು ಅಥವಾ ಅರ್ಧ ಹೋಗುತ್ತಿದ್ದರೆ ಮೈಕ್ರೊಸ್ಟೆಪ್ ಅಂಕಿ ತಪ್ಪಿದೆ. ದಿಕ್ಕು ಉಲ್ಟಾ ಆದರೆ ಸೆಟ್ಟಿಂಗ್‌ನಲ್ಲೇ ಬದಲಿಸಿ. ಡ್ರೈವರಿಗೆ ಪವರ್ ಇರುವಾಗ ಮೋಟರ್ ವೈರ್ ಬಿಚ್ಚಬೇಡಿ, ಡ್ರೈವರ್ ಆ ಕ್ಷಣವೇ ಸಾಯುತ್ತದೆ.

ಮುಚ್ಚುವಾಗ

ನೀನಾದ ಸೀಕ್ವೆನ್ಸ್ ಕೊನೆಯಲ್ಲಿ ಗೈಡಿಂಗ್ ನಿಲ್ಲಿಸು, ಕ್ಯಾಮೆರಾ ಬೆಚ್ಚಗಾಗಿಸು, ಪಾರ್ಕ್ ಮಾಡು ಎಂಬ ಮೂರು ಹಂತಗಳನ್ನು ಸೇರಿಸಿ. ಪಾರ್ಕ್ ಆದ ಮೇಲೆಯೇ ಡ್ರೈವರ್ ಡಿಸ್‌ಕನೆಕ್ಟ್ ಮಾಡಿ, ಆಮೇಲೆ ಪವರ್ ತೆಗೆಯಿರಿ. ಪಾರ್ಕ್ ಮಾಡದೆ ಪವರ್ ತೆಗೆದಿದ್ದರೆ ಮರುದಿನ ಕ್ಲಚ್ ಸಡಿಲಿಸಿ, ಕೌಂಟರ್‌ವೇಟ್ ಕೆಳಗೆ, ಟೆಲಿಸ್ಕೋಪ್ ಉತ್ತರಕ್ಕೆ ಬರುವಂತೆ ಕೈಯಿಂದ ಹೋಮ್‌ಗೆ ತಂದು, ಇಕ್ಯೂಮೋಡ್‌ನಲ್ಲಿ ಉಳಿದಿರುವ ಪಾರ್ಕ್ ಸ್ಥಿತಿಯ ದಾಖಲೆಯನ್ನು ರಿಸೆಟ್ ಮಾಡಿ ಶುರು ಮಾಡಿ. ಮಾಳಿಗೆಯ ಮೇಲೆ ಪ್ರತಿ ಸಲ ಮೌಂಟ್ ಇಟ್ಟು ತೆಗೆಯುವವರು ಟ್ರೈಪಾಡಿನ ಮೂರು ಕಾಲು ಊರಿದ ಜಾಗಕ್ಕೆ ಬಣ್ಣದಿಂದ ಗುರುತು ಹಾಕಿ, ಮುಂದಿನ ಸಲ ಪೋಲಾರ್ ಅಲೈನ್‌ಮೆಂಟ್ ಐದೇ ನಿಮಿಷದಲ್ಲಿ ಮುಗಿಯುತ್ತದೆ.